ಹೆಸರಿಲ್ಲದ ಜ್ವರದ ಬೆನ್ನು ಹತ್ತಿ

ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಪೋತ್ನಾಳ ಸಿಗುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಭತ್ತದ ಗದ್ದೆಗಳಾದ ಸೀಮೆ ಇದು. ಇಂಥ ಊರುಗಳಲ್ಲಿ ಜ್ವರ ಬಂದರೆ ಯಾರೂ ಗಾಬರಿಯಾಗುವುದಿಲ್ಲ. ಮೂರು ದಿನದ ಗುಳಿಗೆ, ಒಂದು ಸೂಜಿ, ತೀರಾ ಸುಸ್ತಾದರೆ ಒಂದು ಬಾಟಲಿ ಸಲೈನ್. ಹೆಚ್ಚಿನ ಜ್ವರಗಳು ಅಷ್ಟಕ್ಕೇ ಇಳಿಯುತ್ತವೆ. ಆದರೆ ಇಳಿಯದ ಜ್ವರವೂ ಒಂದಿದೆ. ಮಲೇರಿಯಾ ಅಲ್ಲ, ಟೈಫಾಯಿಡ್ ಅಲ್ಲ ಎನ್ನುತ್ತದೆ ರಕ್ತಪರೀಕ್ಷೆ. ಸಂಜೆಯಾದರೆ ಮೈ ಕಾಯುತ್ತದೆ, ತೂಕ ಇಳಿಯುತ್ತದೆ. ವೈದ್ಯರು ಬದಲಾಗುತ್ತಾರೆ, ಔಷಧಿ ಚೀಟಿ ಬದಲಾಗುತ್ತದೆ, ಸಾಲ ಬೆಳೆಯುತ್ತದೆ. ಈ ಜ್ವರಕ್ಕೊಂದು ಹೆಸರು ಹುಡುಕಲು ಮನುಷ್ಯ ಪಟ್ಟ ಶ್ರಮಕ್ಕೆ ಸಾವಿರ ವರ್ಷಗಳ ಇತಿಹಾಸವಿದೆ.

ಎಲ್ಲ ಜ್ವರಗಳೂ ಒಂದೇ ಅಲ್ಲ ಎಂಬ ತಿಳಿವಳಿಕೆಯೇ ಆ ಇತಿಹಾಸದ ಮೊದಲ ಮೆಟ್ಟಿಲು. ಹತ್ತನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ ಅಲ್ ರಾಝಿ, ಸಿಡುಬು ಮತ್ತು ದಡಾರಗಳನ್ನು ಪ್ರತ್ಯೇಕ ರೋಗಗಳೆಂದು ಬಿಡಿಸಿ ಬರೆದರು. 1037ರಲ್ಲಿ ನಿಧನರಾದ ಇಬ್ನು ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದ ನಾಲ್ಕನೆಯ ಸಂಪುಟದಲ್ಲಿ ಜ್ವರಗಳಿಗೆ ದೊಡ್ಡ ಜಾಗವನ್ನೇ ಕೊಟ್ಟರು. ಹಕೀಮರು ನಾಡಿ ಹಿಡಿದರು, ಮೂತ್ರದ ಬಣ್ಣ ನೋಡಿದರು. ನಮ್ಮ ಆಯುರ್ವೇದ ಪಂಡಿತರೂ ಜ್ವರದ ಬಗೆಗಳನ್ನು ಎಣಿಸಿದ್ದರು. ಆದರೆ ಇವರೆಲ್ಲರಿಗೂ ದೇಹದ ಹೊರಗೋಡೆ ಮಾತ್ರ ಕಾಣುತ್ತಿತ್ತು. ಒಳಗೆ ಬೆಂಕಿ ಹತ್ತಿದ ಕೋಣೆ ಯಾವುದೆಂದು ಊಹಿಸಬೇಕಿತ್ತು, ಅಷ್ಟೇ.

ಹತ್ತೊಂಬತ್ತನೆಯ ಶತಮಾನ ಈ ಊಹೆಗೆ ಅಳತೆಯನ್ನು ತಂದಿತು. 1868ರಲ್ಲಿ ಜರ್ಮನಿಯ ವುಂಡರ್ಲಿಚ್ ಸಾವಿರಾರು ರೋಗಿಗಳ ಮೈಬಿಸಿ ಅಳೆದು ಪುಸ್ತಕ ಪ್ರಕಟಿಸಿದರು. ಜ್ವರ ಎಂಬುದು ಸ್ವತಃ ರೋಗವಲ್ಲ, ರೋಗದ ಗುರುತು ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು. ಇನ್ನೊಂದು ದೊಡ್ಡ ಹೆಜ್ಜೆ ನಮ್ಮ ನೆರೆಯಲ್ಲೇ ಬಿತ್ತು. ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಅದೇ ಸೀಮೆಯ ಸಿಕಂದರಾಬಾದ್ ದಂಡಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡರು. ಆ ಸೊಳ್ಳೆಗಳಿಗೆ ತನ್ನ ಮೈಯೊಡ್ಡಿದವನು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ. ಒಂದು ಸೊಳ್ಳೆ ಕಡಿತಕ್ಕೆ ಒಂದಾಣೆ ಕೂಲಿ! ರಾಸ್‌ಗೆ 1902ರಲ್ಲಿ ನೊಬೆಲ್ ಸಿಕ್ಕಿತು. ಹುಸೇನ್ ಖಾನನ ಹೆಸರು ಎಷ್ಟು ಮಂದಿಗೆ ಗೊತ್ತು?

ಸೂಕ್ಷ್ಮದರ್ಶಕ ರಕ್ತದೊಳಗಿನ ಶತ್ರುವನ್ನು ತೋರಿಸಿತು. ಅಂಗಾಂಗಗಳ ಒಳಗೆ ಇಣುಕಲು ದಾರಿ ತೆರೆದದ್ದು 1895ರ ನವೆಂಬರಿನಲ್ಲಿ ರಾಂಟ್‌ಜನ್ ಕಂಡ ಎಕ್ಸ್‌ರೇ. ಎದೆಯ ಕ್ಷಯವನ್ನು ನೆರಳಿನ ರೂಪದಲ್ಲಿ ನೋಡುವುದು ಸಾಧ್ಯವಾಯಿತು. ಈ ಯಂತ್ರವನ್ನು ಹಳ್ಳಿಗೆ ಕೊಂಡೊಯ್ದ ಮಹತ್ವದ ಪ್ರಯತ್ನವೊಂದು ಕರ್ನಾಟಕದಲ್ಲೇ ನಡೆಯಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960-61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎಕ್ಸ್‌ರೇ ತೆಗೆದು, ಕಫ ಪರೀಕ್ಷಿಸಿ ಸಮೀಕ್ಷೆ ಮಾಡಿದರು. ಅದೇ ಜಿಲ್ಲೆಯಲ್ಲಿ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಸಂಶೋಧಕರು ರೋಗಿಗಳ ಮನೆಗೇ ಹೋಗಿ ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನ ಕಣ್ಣು ತೆರೆಸುವಂಥದ್ದು. ಕ್ಷಯವಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ! ಅಂದರೆ ಕೊರತೆ ಯಂತ್ರದ್ದು ಮಾತ್ರವಲ್ಲ, ರೋಗಿಯ ಮಾತು ಕೇಳುವ ಕಿವಿಯದ್ದೂ ಆಗಿತ್ತು.

ಕಾರಣ ತಿಳಿಯದ ಜ್ವರಕ್ಕೆ ವೈದ್ಯಶಾಸ್ತ್ರ ಒಂದು ವ್ಯಾಖ್ಯೆ ಕೊಟ್ಟದ್ದೂ ಅದೇ ಕಾಲದಲ್ಲಿ. 1961ರಲ್ಲಿ ಅಮೆರಿಕದ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಅಂಥ 100 ರೋಗಿಗಳ ವಿವರ ಪ್ರಕಟಿಸಿದರು. ಮೈಬಿಸಿ 101 ಡಿಗ್ರಿ ಫ್ಯಾರನ್‌ಹೀಟ್ ಮೀರಬೇಕು, ಮೂರು ವಾರ ದಾಟಬೇಕು, ಆಸ್ಪತ್ರೆಯಲ್ಲಿ ಒಂದು ವಾರ ಹುಡುಕಿದರೂ ಕಾರಣ ಸಿಗಬಾರದು. ಅವರಲ್ಲಿ 36 ಮಂದಿಗೆ ಕೊನೆಗೆ ಸೋಂಕು ಪತ್ತೆಯಾಯಿತು, 19 ಮಂದಿಗೆ ಗೆಡ್ಡೆ ಅಥವಾ ಕ್ಯಾನ್ಸರ್.

ಎಕ್ಸ್‌ರೇ, ಅಲ್ಟ್ರಾಸೌಂಡ್, 1971ರಲ್ಲಿ ಮೊದಲ ರೋಗಿಯ ಮೇಲೆ ಬಳಕೆಯಾದ ಸಿ.ಟಿ. ಸ್ಕ್ಯಾನ್ – ಇವೆಲ್ಲ ಅಂಗದ ಆಕಾರವನ್ನು ತೋರಿಸುತ್ತವೆ. ಆದರೆ ಉರಿಯೂತ ಆರಂಭವಾದಾಗ ಆಕಾರ ಕೆಡದೇ ಇರಬಹುದು. ಮನೆ ಸುಟ್ಟ ಮೇಲೆ ನೋಡುವುದಲ್ಲ, ಕಿಡಿಯನ್ನೇ ನೋಡಬೇಕು. ಅದಕ್ಕೆ ದಾರಿಯಾದದ್ದು ಒಂದು ಬಗೆಯ ಸಕ್ಕರೆ. ಉರಿಯೂತದ ಜಾಗದಲ್ಲಿ ಸೇರುವ ಬಿಳಿ ರಕ್ತಕಣಗಳು ಸಕ್ಕರೆಯನ್ನು ಹೆಚ್ಚು ನುಂಗುತ್ತವೆ, ಕ್ಯಾನ್ಸರ್ ಕಣಗಳೂ ಹಾಗೆಯೇ. ಆ ಸಕ್ಕರೆಗೆ ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿ ಕೊಟ್ಟರೆ ಅದು ಸೇರಿದಲ್ಲಿ ಬೆಳಕಿನ ಚುಕ್ಕೆ ಮೂಡುತ್ತದೆ. ಇದೇ ಪೆಟ್ ಸ್ಕ್ಯಾನ್. 1976ರ ಆಗಸ್ಟಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಈ ಸಕ್ಕರೆಯನ್ನು ಮೊದಲ ಬಾರಿ ಮನುಷ್ಯರಿಗೆ ನೀಡಿದವರು ಅಬ್ಬಾಸ್ ಅಲವಿ. ಇರಾನಿನ ತಬ್ರೀಝ್ ನಗರದಲ್ಲಿ ಹುಟ್ಟಿದವರು. ಮೊದಲು ಮೆದುಳಿಗಾಗಿ, ಆಮೇಲೆ ಕ್ಯಾನ್ಸರಿಗಾಗಿ ಬಳಕೆಯಾದ ಈ ವಿಧಾನವನ್ನು ಸೋಂಕು ಮತ್ತು ಉರಿಯೂತಗಳಿಗೆ ಬಳಸುವ ಬಗ್ಗೆ 2013ರಲ್ಲಿ ಯುರೋಪ್ ಮತ್ತು ಅಮೆರಿಕದ ತಜ್ಞರ ಸಂಘಗಳು ಜಂಟಿ ಮಾರ್ಗದರ್ಶಿ ಪ್ರಕಟಿಸಿದವು.

ಆದರೂ ಬೆಳಕಿನ ಚುಕ್ಕೆ ಜಾಗ ಹೇಳುತ್ತದೆಯೇ ಹೊರತು ರೋಗದ ಹೆಸರು ಹೇಳುವುದಿಲ್ಲ. ಗಂಟೊಂದು ಬೆಳಗಿದರೆ ಅದು ಕ್ಷಯವೋ ಕ್ಯಾನ್ಸರೋ ಎಂದು ತಿಳಿಯಲು ಅಲ್ಲಿಂದ ಚೂರು ತೆಗೆದು ಪರೀಕ್ಷಿಸಲೇಬೇಕು. ಕುರಿ ಸಾಕುವವರಿಗೆ, ಹಸಿ ಹಾಲು ಕುಡಿಯುವವರಿಗೆ ತಗಲುವ ಬ್ರುಸೆಲ್ಲೋಸಿಸ್ ಕೂಡ ದೀರ್ಘ ಜ್ವರ ತರುತ್ತದೆ. ಮನೆಯಲ್ಲಿ ಕುರಿ ಇವೆಯೇ ಎಂದು ಒಂದು ಮಾತು ಕೇಳಿ ರಕ್ತಪರೀಕ್ಷೆ ಮಾಡಿಸಿದರೆ ಅದು ಸಿಗಬಹುದು. ರಕ್ತನಾಳಗಳೇ ಊದಿಕೊಳ್ಳುವ ಟಕಾಯಾಸು ರೋಗ ಹೆಚ್ಚಾಗಿ ಎಳೆವಯಸ್ಸಿನ ಹೆಣ್ಣುಮಕ್ಕಳನ್ನು ಕಾಡುತ್ತದೆ. ಅದರ ಉರಿಯನ್ನು ಪೆಟ್ ಚೆನ್ನಾಗಿ ತೋರಿಸುತ್ತದೆ. ಆದರೆ ಎರಡೂ ಕೈಗಳ ನಾಡಿ ಹಿಡಿದು ನೋಡುವ ವೈದ್ಯರಿಗೆ ಒಂದು ಕೈಯ ಬಡಿತ ಕ್ಷೀಣಿಸಿರುವುದು ಅದಕ್ಕೂ ಮೊದಲೇ ತಿಳಿಯಬಹುದು. ಹಕೀಮರ ಆ ಹಳೆಯ ಅಭ್ಯಾಸ ಇಂದಿಗೂ ಹಳತಾಗಿಲ್ಲ.

ಇನ್ನು ದೂರದ ಮಾತು. ಪೆಟ್ ಸಕ್ಕರೆಯ ವಿಕಿರಣ ಪ್ರತಿ 110 ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತದೆ. ಹೈದರಾಬಾದಿನಿಂದ ನಾಲ್ಕು ತಾಸು ಪಯಣಿಸಿ ರಾಯಚೂರಿಗೆ ಬರುವಷ್ಟರಲ್ಲಿ ಕಾಲು ಭಾಗವೂ ಉಳಿಯದು. ಹಾಗಾಗಿ ಇಂಥ ಯಂತ್ರಗಳು ದೊಡ್ಡ ನಗರಗಳಿಗೆ ಅಂಟಿಕೊಂಡವು. ಪೋತ್ನಾಳದ ಕೂಲಿಕಾರನಿಗೆ ಸ್ಕ್ಯಾನಿನ ಖರ್ಚಿನ ಜೊತೆಗೆ ಪ್ರಯಾಣ, ವಸತಿ, ಕಳೆದುಹೋದ ದಿನಗೂಲಿಯೂ ಸೇರುತ್ತದೆ. 2002ರ ನಂಜುಂಡಪ್ಪ ಸಮಿತಿಯ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿಟ್ಟಿತ್ತು. 2007ರಲ್ಲಿ ರಾಯಚೂರಿಗೆ ಸರಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಬಂತು. 2022ರ ಮೇ ತಿಂಗಳಲ್ಲಿ ಏಮ್ಸ್‌ಗಾಗಿ ಜನರು ಧರಣಿ ಕುಳಿತರು. ಆ ಬೇಡಿಕೆಯ ಹಿಂದೆ ಇಂಥ ಎಷ್ಟೋ ಪ್ರಯಾಣಗಳ ಆಯಾಸವಿದೆ.

2024ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ ಕೈಯಲ್ಲೇ ಒಯ್ಯಬಹುದಾದ ಎಕ್ಸ್‌ರೇ ಯಂತ್ರಗಳು ಬಳಕೆಯಾದವು. ತುಮಕೂರಿನ ಆ ಹಳೆಯ ಪ್ರಯತ್ನ ಅರುವತ್ತು ವರ್ಷಗಳ ಬಳಿಕ ಹೊಸ ರೂಪದಲ್ಲಿ ಮರಳಿತು. ಪೆಟ್ ಸ್ಕ್ಯಾನ್ ಪ್ರತಿ ತಾಲೂಕಿಗೂ ಬರಲಾರದು, ಬರಬೇಕಾಗಿಯೂ ಇಲ್ಲ. ಆದರೆ ಎದೆಯ ಎಕ್ಸ್‌ರೇ, ಕಫ ಪರೀಕ್ಷೆ, ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ವಿಚಾರಿಸುವ ವ್ಯವಧಾನವಿರುವ ಒಬ್ಬ ವೈದ್ಯರು ತಾಲೂಕಿನಲ್ಲೇ ಇದ್ದರೆ ಎಷ್ಟೋ ಜ್ವರಗಳಿಗೆ ಅಲ್ಲೇ ಹೆಸರು ಸಿಕ್ಕೀತು. ಉಳಿದವರನ್ನು ಮಾತ್ರ ಸರಕಾರದ ಖರ್ಚಿನಲ್ಲಿ ಸಕಾಲಕ್ಕೆ ನಗರಕ್ಕೆ ಕಳುಹಿಸಬಹುದು. ಓದುಗರು ಒಂದನ್ನಂತೂ ನೆನಪಿಡಲಿ: ಎರಡು ವಾರ ದಾಟಿದ ಕೆಮ್ಮು ಅಥವಾ ಜ್ವರಕ್ಕೆ ಇನ್ನೊಂದು ಸೂಜಿ ಉತ್ತರವಲ್ಲ. ಕಾರಣವೇನೆಂದು ಕೇಳುವ ಹಕ್ಕು ರೋಗಿಗಿದೆ.