ಹೊಸ ಹಾರ್ಡ್ ಡಿಸ್ಕ್ ಹಳೇ ಕಂಪ್ಯೂಟರಿಗೆ ಯಾಕೆ ಕಾಣುವುದಿಲ್ಲ? ಒಂದು ಸಣ್ಣ ಇತಿಹಾಸ

ಹಲಸೂರಿನಿಂದ ಹೊರಟು, ಇಂದಿರಾನಗರದ ಅಂಚು ಸವರಿ, ಕೆ.ಆರ್.ಪುರಂ ದಾಟಿ ಕೋಲಾರದ ಕಡೆ ಬರುವುದು ಹಳೇ ಮದ್ರಾಸ್ ರಸ್ತೆ. ನಮ್ಮ ಟೊಮೆಟೊ ಇದೇ ದಾರಿಯಲ್ಲಿ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿನ ಆಫೀಸುಗಳು ಬಳಸಿ ಬಿಟ್ಟ ಕಂಪ್ಯೂಟರುಗಳು ಇದೇ ದಾರಿಯಲ್ಲಿ ನಮ್ಮೂರ ಡಿಟಿಪಿ ಅಂಗಡಿ, ಫೋಟೋ ಸ್ಟುಡಿಯೋಗಳಿಗೆ ಬರುತ್ತವೆ. ಊರಿನ ಮದುವೆ ಫೋಟೋ, ಸಂಘದ ಲೆಕ್ಕ, ನುಡಿ-ಬರಹದಲ್ಲಿ ಟೈಪ್ ಮಾಡಿದ ಅರ್ಜಿ ಎಲ್ಲವೂ ಇರುವುದು ಅವುಗಳ ಹಾರ್ಡ್ ಡಿಸ್ಕಿನಲ್ಲಿ. ಡಿಸ್ಕ್ ತುಂಬಿತೆಂದು ದೊಡ್ಡದು ತಂದು ಹಾಕಿದರೆ ಮಿಷನ್ ಅದನ್ನು ಗುರುತಿಸುವುದೇ ಇಲ್ಲ. ಡಿಸ್ಕ್ ಕೆಟ್ಟಿದೆ ಎಂದುಕೊಳ್ಳುತ್ತೇವೆ. ಬಹಳ ಸಲ ಕೆಟ್ಟಿರುವುದಿಲ್ಲ.

ಕಾರಣ ತಿಳಿಯಲು 1985ಕ್ಕೆ ಹೋಗಬೇಕು. ಆ ವರ್ಷ ಬೆಂಗಳೂರಿನ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ತನ್ನ ಆಫೀಸು ತೆರೆಯಿತು. ಕೆ.ಆರ್.ಪುರಂ ಪಕ್ಕದ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆ 1948ರಿಂದಲೇ ಇತ್ತು. ಈಗ ಊರಿನ ಪೂರ್ವ ದಿಕ್ಕಿಗೆ ಕಂಪ್ಯೂಟರ್ ಕೆಲಸವೂ ಬಂತು. ಅದೇ 1985ರಲ್ಲಿ ಅಮೆರಿಕದ ಪ್ಲಸ್ ಡೆವಲಪ್‌ಮೆಂಟ್ ಎಂಬ ಕಂಪನಿ 'ಹಾರ್ಡ್‌ಕಾರ್ಡ್' ಮಾರಾಟಕ್ಕೆ ತಂದಿತು. ಒಂದು ಕಾರ್ಡ್, ಅದರ ಮೇಲೆಯೇ 10 ಎಂಬಿಯ ಹಾರ್ಡ್ ಡಿಸ್ಕ್. ಇವತ್ತಿನ ಲೆಕ್ಕದಲ್ಲಿ ಮೂರ್ನಾಲ್ಕು ಮೊಬೈಲ್ ಫೋಟೋ, ಅಷ್ಟೇ ಜಾಗ.

ಆಗ ಅದು ದೊಡ್ಡ ವಿಷಯ. 1981ರ ಐಬಿಎಂ ಪಿಸಿಗೆ ಹಾರ್ಡ್ ಡಿಸ್ಕೇ ಇರಲಿಲ್ಲ. 1983ರ ಎಕ್ಸ್‌ಟಿ ಮಾಡೆಲ್‌ಗೆ 10 ಎಂಬಿ ಡಿಸ್ಕ್ ಬಂತು. ಹಳೇ ಪಿಸಿ ಇದ್ದವರು ಕಾರ್ಡ್ ಹಾಕಿಕೊಳ್ಳತೊಡಗಿದರು, ತೊಂದರೆಯೂ ಶುರುವಾಯಿತು. 1982ರ ಅಕ್ಟೋಬರ್‌ಗಿಂತ ಹಿಂದಿನ ಬಯೋಸ್ ಇದ್ದ ಪಿಸಿಗಳು ಕಾರ್ಡಿನ ಮೇಲಿನ ಪ್ರೋಗ್ರಾಮನ್ನು ಹುಡುಕುತ್ತಲೇ ಇರಲಿಲ್ಲ. ಕಾರ್ಡೂ ಸರಿ, ಪಿಸಿಯೂ ಸರಿ, ಡಿಸ್ಕ್ ಮಾತ್ರ ಇಲ್ಲ! ಬಯೋಸ್ ಚಿಪ್ ಬದಲಿಸಿದರೆ ಕಾಣುತ್ತಿತ್ತು. ಇನ್ನೊಂದು ತೊಂದರೆ ಕರೆಂಟಿನದು. ಪಿಸಿಯ ಪವರ್ ಸಪ್ಲೈ 63.5 ವ್ಯಾಟ್, ಎಕ್ಸ್‌ಟಿಯದು 130 ವ್ಯಾಟ್. ಹೆಚ್ಚು ಕರೆಂಟ್ ಎಳೆಯುವ ಡಿಸ್ಕ್ ಹಾಕಿದರೆ ಹಳೇ ಸಪ್ಲೈ ತಡೆಯುತ್ತಿರಲಿಲ್ಲ.

ಆಮೇಲೆ ಒಂದರ ಹಿಂದೊಂದು ಗೋಡೆಗಳು ಎದ್ದವು. ಮೊದಲು 528 ಎಂಬಿ, ನಂತರ 8.4 ಜಿಬಿ, ನಂತರ 137 ಜಿಬಿ. ಪ್ರತಿ ಕಾಲದವರೂ 'ಇಷ್ಟು ಸಾಕು' ಎಂದು ಲೆಕ್ಕಕ್ಕೆ ಮನೆಗಳನ್ನು ಇಟ್ಟರು. ಡಿಸ್ಕ್ ಬೆಳೆದು ಆ ಮನೆಗಳು ಸಾಲದಾದವು.

ನಮ್ಮ ಕಡೆಗೆ ಬರುವ ಹಳೇ ಮಿಷನ್ನುಗಳಲ್ಲಿ ಜಾಸ್ತಿ ಕಾಡುವುದು 137 ಜಿಬಿ ಗೋಡೆ. ಇಲ್ಲೇ ಅಪಾಯ ಇರುವುದು. ಬೈಕಿನ ಮೀಟರ್ 99999 ಆದಮೇಲೆ ಮತ್ತೆ ಸೊನ್ನೆಗೆ ಬರುತ್ತದಲ್ಲ, ಹಾಗೆಯೇ ಇದೂ. ಬೇರೆ ಹೊಸ ಕಂಪ್ಯೂಟರಿನಲ್ಲಿ ಪಾರ್ಟಿಷನ್ ಮಾಡಿದ ದೊಡ್ಡ ಡಿಸ್ಕನ್ನು ಹಳೇ ವಿಂಡೋಸ್‌ಗೆ ಹಾಕಿದರೆ ಮೊದಮೊದಲು ಚೆನ್ನಾಗಿಯೇ ನಡೆಯುತ್ತದೆ. 137 ಜಿಬಿ ದಾಟಿದ ದಿನ, ಹೊಸದಾಗಿ ಬರೆದದ್ದು ಡಿಸ್ಕಿನ ಮೊದಲಿಗೆ ಹೋಗಿ ಹಳೆಯದರ ಮೇಲೆ ಕೂರಬಹುದು. ಕಾಣದೇ ಇರುವ ಡಿಸ್ಕಿಗಿಂತ, ಕಂಡೂ ಮೋಸ ಮಾಡುವ ಡಿಸ್ಕ್ ಕೆಟ್ಟದ್ದು.

ಪರಿಹಾರ ಹಾರ್ಡ್‌ಕಾರ್ಡ್ ಕಾಲದ್ದೇ: ತನ್ನ ಬಯೋಸನ್ನು ತಾನೇ ಹೊತ್ತು ತರುವ ಪಿಸಿಐ ಕಾರ್ಡ್. ಅದಕ್ಕೆ ಡಿಸ್ಕ್ ಜೋಡಿಸಿದರೆ ಮದರ್‌ಬೋರ್ಡಿನ ಹಳೇ ಲೆಕ್ಕ ಅಡ್ಡ ಬರುವುದಿಲ್ಲ. ಹೊಸ ಸಾಟಾ ಡಿಸ್ಕಿಗೂ ಇಂಥ ಕಾರ್ಡ್ ಇದೆ. ಆದರೆ ವಿಂಡೋಸ್ ಎಕ್ಸ್‌ಪಿ ಇದ್ದರೆ 2002ರ ಸರ್ವಿಸ್ ಪ್ಯಾಕ್ 1 ಅಥವಾ ಅದರ ನಂತರದ್ದು ಇರಲೇಬೇಕು.

ಕಾರ್ಡ್ ಹಾಕಿಯೂ ಕಾಣದಿದ್ದರೆ ಹೀಗೆ ನೋಡಿ. ಕಂಪ್ಯೂಟರ್ ಆನ್ ಮಾಡಿದಾಗ ಪರದೆಯ ಮೇಲೆ ಕಾರ್ಡಿನ ಹೆಸರು ಬರುತ್ತದೆಯೇ? ಬರದಿದ್ದರೆ ಪ್ಲಗ್ ಕಿತ್ತು, ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿ. ಹೆಸರು ಬಂದು ಡಿಸ್ಕ್ ಬರದಿದ್ದರೆ ಕೇಬಲ್ ನೋಡಿ. ಅಗಲ ಪಟ್ಟಿಯ ಕೇಬಲ್ ಆದರೆ ಮಾಸ್ಟರ್-ಸ್ಲೇವ್ ಜಂಪರ್ ಸಹ ನೋಡಿ. ದಿನಾ ತಾರೀಕು ತಪ್ಪುತ್ತಿದ್ದರೆ ಬೋರ್ಡಿನ ಸೆಲ್ ಮುಗಿದಿದೆ. ಅದು ಮುಗಿದರೆ ಬಯೋಸಿನ ಸೆಟ್ಟಿಂಗೂ ಮರೆತುಹೋಗುತ್ತದೆ.

ಇದೆಲ್ಲಕ್ಕೂ ಮೊದಲು ಒಂದು ಕೆಲಸ. ಹಳೇ ಡಿಸ್ಕಿನಲ್ಲಿ ಇರುವುದನ್ನೆಲ್ಲ ಇನ್ನೊಂದು ಕಡೆ ಕಾಪಿ ಮಾಡಿ, ಎರಡು ಫೈಲ್ ತೆರೆದು ನೋಡಿ. ಹೊಸ ಡಿಸ್ಕಿನಲ್ಲಿ 137 ಜಿಬಿ ದಾಟಿಯೂ ಫೈಲುಗಳು ಸರಿಯಾಗಿ ತೆರೆದುಕೊಳ್ಳುವವರೆಗೆ ಹಳೆಯದನ್ನು ಅಳಿಸಬೇಡಿ, ಗುಜರಿಗೂ ಹಾಕಬೇಡಿ. ಕಾರ್ಡ್ ಹೋದರೆ ಇನ್ನೊಂದು ಸಿಗುತ್ತದೆ. ತೀರಿಹೋದ ಅಜ್ಜಿಯ ಫೋಟೋ ಎಲ್ಲಿಯೂ ಸಿಗುವುದಿಲ್ಲ.