ಗಗನಸಖಿಯ ಅರ್ಜಿ: ಬದಲಾದ ಪ್ರಶ್ನೆಗಳ ಇತಿಹಾಸ

ಗಗನಸಖಿಯ ಕೆಲಸಕ್ಕೆ ಅರ್ಜಿ ಹಾಕುವವರು ಜೊತೆಗೆ ಒಂದು ಪುಟದ ಕವರ್ ಲೆಟರ್ ಬರೆಯುವುದುಂಟು. ನಾನು ಯಾರು, ಈ ಕೆಲಸಕ್ಕೆ ಹೇಗೆ ತಕ್ಕವಳು ಎಂದು ಹೇಳುವ ಪತ್ರವದು. ಇಂದು ಹೆಣ್ಣುಮಕ್ಕಳು ಅದರಲ್ಲಿ ತಮ್ಮ ಓದು, ಭಾಷೆ, ಅನುಭವಗಳ ಬಗ್ಗೆ ಬರೆಯುತ್ತಾರೆ. ಆದರೆ ಬಹಳ ಕಾಲ ಸಂಸ್ಥೆಗಳು ಕೇಳುತ್ತಿದ್ದುದೇ ಬೇರೆ: ವಯಸ್ಸೆಷ್ಟು, ತೂಕವೆಷ್ಟು, ಮದುವೆಯಾಗಿದೆಯೇ?

ಮೊದಮೊದಲು ಈ ಕೆಲಸ ಗಂಡಸರದಾಗಿತ್ತು. 1912ರಲ್ಲಿ ಜರ್ಮನಿಯ ವಾಯುನೌಕೆಯಲ್ಲಿ ಸೇವೆಗೆ ಸೇರಿದ ಹೈನ್ರಿಕ್ ಕುಬಿಸ್ ಈ ವೃತ್ತಿಯ ಮೊದಲಿಗ. ಹೆಣ್ಣಿಗೆ ಬಾಗಿಲು ತೆರೆಸಿದವಳು ಅಮೆರಿಕದ ಎಲೆನ್ ಚರ್ಚ್. ಆಕೆ ನರ್ಸ್, ವಿಮಾನ ಹಾರಿಸುವುದನ್ನೂ ಕಲಿತಿದ್ದಳು. ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಸಂಸ್ಥೆಯಲ್ಲಿ ಪೈಲಟ್ ಆಗುವ ಅವಕಾಶ ಸಿಗದಿದ್ದಾಗ, ನರ್ಸ್‌ಗಳು ಜೊತೆಗಿದ್ದರೆ ಪ್ರಯಾಣಿಕರ ಭಯ ಕಡಿಮೆಯಾಗುತ್ತದೆ ಎಂಬ ಸಲಹೆ ಮುಂದಿಟ್ಟಳು. 1930ರ ಮೇ 15ರಂದು ಆಕೆಯ ಮೊದಲ ಹಾರಾಟ ನಡೆಯಿತು. ಆ ವರ್ಷ ಎಂಟು ನರ್ಸ್‌ಗಳು ನೇಮಕವಾದರು. ಅರ್ಹತೆಗಳೇನು? ನರ್ಸಿಂಗ್ ತರಬೇತಿಯ ಜೊತೆಗೆ ಅವಿವಾಹಿತೆಯಾಗಿರಬೇಕು, ವಯಸ್ಸು 25 ಮೀರಿರಬಾರದು, ತೂಕ 115 ಪೌಂಡ್, ಅಂದರೆ ಸುಮಾರು 52 ಕಿಲೋ ದಾಟಬಾರದು. ಎರಡನೇ ಮಹಾಯುದ್ಧಕ್ಕೆ ನರ್ಸ್‌ಗಳು ಬೇಕಾದಾಗ ನರ್ಸಿಂಗ್ ತರಬೇತಿಯ ಷರತ್ತು ಹೋಯಿತು. ಮದುವೆಯ ಷರತ್ತು ಮಾತ್ರ ಉಳಿಯಿತು!

1958ರಲ್ಲಿ ರೂತ್ ಕ್ಯಾರಲ್ ಟೇಲರ್ ಅಮೆರಿಕದ ಮೊದಲ ಕಪ್ಪು ವರ್ಣೀಯ ಗಗನಸಖಿಯಾದರು. ಬಣ್ಣದ ಗೋಡೆ ದಾಟಿದ ಅವರ ಕೆಲಸವನ್ನು ಕೆಲವೇ ತಿಂಗಳಲ್ಲಿ ಕಿತ್ತುಕೊಂಡಿದ್ದು ಮದುವೆಯ ನಿಯಮ.

ನಮ್ಮ ದೇಶದ ಕಥೆಯೂ ಬೇರೆಯಲ್ಲ. ಏರ್ ಇಂಡಿಯಾದ ನಿಯಮದಂತೆ ಗಗನಸಖಿಯ ಸೇವೆ 35ನೇ ವಯಸ್ಸಿಗೆ, ಇಲ್ಲವೇ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಇಲ್ಲವೇ ಮೊದಲ ಬಸಿರಿಗೆ ಮುಗಿಯುತ್ತಿತ್ತು. ಇವುಗಳಲ್ಲಿ ಯಾವುದು ಮೊದಲೋ ಅದೇ ಕೊನೆ. ಅದೇ ವಿಮಾನದ ಪುರುಷ ಸಿಬ್ಬಂದಿಗೆ ನಿವೃತ್ತಿ 58ಕ್ಕೆ. ನರ್ಗೇಶ್ ಮಿರ್ಜಾ ಮತ್ತು ಇತರರ ಪ್ರಕರಣದಲ್ಲಿ 1981ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಬಸಿರಿನ ಷರತ್ತನ್ನು ರದ್ದುಮಾಡಿತು; ಅದು ಭಾರತದ ಹೆಣ್ತನಕ್ಕೇ ಅವಮಾನ ಎಂದಿತು. ಆದರೆ ನಾಲ್ಕು ವರ್ಷದ ಮದುವೆ ನಿರ್ಬಂಧವನ್ನು ಎತ್ತಿಹಿಡಿಯಿತು. ಗೆಲುವು ಅರ್ಧ ಮಾತ್ರ.

ಇದು ಆಕಾಶದ ಕೆಲಸಕ್ಕಷ್ಟೇ ಇದ್ದ ಕಟ್ಟಳೆಯಲ್ಲ. ನಮ್ಮ ಕೊಡಗಿನ ಸಿ. ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ತಮ್ಮಿಂದ ಮುಚ್ಚಳಿಕೆ ಬರೆಸಿಕೊಂಡಿದ್ದನ್ನು ಅವರು ಸುಪ್ರೀಂ ಕೋರ್ಟಿನ ಮುಂದಿಟ್ಟರು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿದರು.

ಇಷ್ಟಕ್ಕೂ ಗಗನಸಖಿಯ ಕೆಲಸವೇನು? ಚಹಾ ಕೊಡುವುದು, ನಗುವುದು ಅಷ್ಟೇ ಎಂದುಕೊಂಡವರಿಗೆ 1986ರ ಸೆಪ್ಟೆಂಬರ್ 5 ಉತ್ತರ ಕೊಟ್ಟಿತು. ಕರಾಚಿಯಲ್ಲಿ ಅಪಹರಣಕಾರರು ಪ್ಯಾನ್ ಆಮ್ ವಿಮಾನಕ್ಕೆ ನುಗ್ಗಿದಾಗ 22ರ ನೀರಜಾ ಭನೋಟ್ ಪೈಲಟ್‌ಗಳನ್ನು ಎಚ್ಚರಿಸಿದರು, ಪ್ರಯಾಣಿಕರನ್ನು ಉಳಿಸುತ್ತಾ ಪ್ರಾಣ ಕೊಟ್ಟರು. ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು. ದೊಡ್ಡ ವಿಮಾನಕ್ಕೆ ಮಾನ್ಯತೆ ಸಿಗಬೇಕಾದರೆ, ಅರ್ಧದಷ್ಟು ಬಾಗಿಲುಗಳನ್ನಷ್ಟೇ ಬಳಸಿ 90 ಸೆಕೆಂಡಿನಲ್ಲಿ ಎಲ್ಲರನ್ನೂ ಹೊರಗೆ ಕಳಿಸಿ ತೋರಿಸಬೇಕು. ನಿಜವಾದ ಅಪಘಾತದಲ್ಲಿ ಆ ಹೊಣೆ ಗಗನಸಖಿಯದು.

ಹಾಗಾಗಿ ನಮ್ಮ ಹೆಣ್ಣುಮಕ್ಕಳು ಆ ಪತ್ರ ಬರೆಯುವಾಗ ಇದನ್ನು ನೆನಪಿಡಲಿ. ನಾನು ಸಾಫ್ಟ್‌ವೇರ್ ಕ್ಷೇತ್ರದವಳು. ಹೊಸಬರ ಅರ್ಜಿಗಳನ್ನು ಓದುವುದು ನನ್ನ ಕೆಲಸದ ಭಾಗ. "ನನಗೆ ಪ್ರವಾಸ ಇಷ್ಟ" ಎಂಬ ಸಾಲು ಎಲ್ಲರ ಪತ್ರದಲ್ಲೂ ಇರುತ್ತದೆ. ಯಾರನ್ನೂ ಎತ್ತಿ ತೋರಿಸುವುದಿಲ್ಲ. ಅದರ ಬದಲು ಗಾಬರಿಯ ಹೊತ್ತಿನಲ್ಲಿ ತಾಳ್ಮೆಯಿಂದ ನಿಭಾಯಿಸಿದ ಒಂದು ನಿಜವಾದ ಪ್ರಸಂಗ ಬರೆಯಲಿ. ಪ್ರಥಮ ಚಿಕಿತ್ಸೆ, ಈಜು ಕಲಿತಿದ್ದರೆ ಹೇಳಲಿ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಮನೆಯ ಕನ್ನಡ, ಬೀದಿಯ ಮರಾಠಿಯೋ ತಮಿಳೋ ತೆಲುಗೋ, ಶಾಲೆಯ ಹಿಂದಿ, ಇಂಗ್ಲಿಷ್ ಬರುತ್ತವೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗೆ ಹೊರಟ ವಿಮಾನದಲ್ಲಿ ಗಾಬರಿಗೊಂಡ ಅಜ್ಜಿಗೆ "ಹೆದರಬೇಡಿ ಅಜ್ಜಿ" ಎನ್ನಬಲ್ಲವಳು ಸಂಸ್ಥೆಗೆ ದೊಡ್ಡ ಆಸ್ತಿ. ಕನ್ನಡವನ್ನು ಪಟ್ಟಿಯ ಕೊನೆಗೆ ತಳ್ಳದೆ ಮೇಲೆಯೇ ಬರೆಯಲಿ.

ಎಲೆನ್ ಚರ್ಚ್ ತನ್ನ ತೂಕ ಹೇಳಬೇಕಿತ್ತು, ಮುತ್ತಮ್ಮ ಮುಚ್ಚಳಿಕೆ ಬರೆದುಕೊಡಬೇಕಿತ್ತು. ನಮ್ಮ ಮಗಳು ತಾನೇನು ಮಾಡಬಲ್ಲೆ ಎಂಬುದನ್ನು ಬರೆಯಬಹುದು. ಆ ಒಂದು ಪುಟವನ್ನು ಅವಳು ತಲೆಯೆತ್ತಿ ಬರೆಯಲಿ.