ದೂಷೀವಿಷವೂ ಹಿಮದೇಶದ ಜೀವಿಗಳೂ

೧. ವಿಷಯಪ್ರವೇಶ

ಕಾರ್ತಿಕಮಾಸವು ಕಳೆಯುತ್ತಿರಲು, ಉಡುಪಿಗೆ ದಕ್ಷಿಣದಲ್ಲಿರುವ ಕಾಪುವಿನ ಕಡಲತಡಿಯಲ್ಲಿ, ೧೯೦೧ರಲ್ಲಿ ಕಟ್ಟಿದ ದೀಪಸ್ತಂಭದ ಆಸುಪಾಸಿನ ಮರಳಿನ ಮೇಲೆ, ಕಡಲಕ್ಕಿಗಳ ಹಿಂಡುಗಳು ಬಂದಿಳಿಯುವುದನ್ನು ಆ ಕಡೆಯ ಜನರು ಬಲ್ಲರು. ಇವುಗಳಲ್ಲಿ ಕೆಲವು ಜಾತಿಯವು ರಷ್ಯಾದೇಶದ ಬಡಗಣ ಅಂಚಿನಲ್ಲಿ, ಟಂಡ್ರಾ ಎಂದು ಕರೆಯಲ್ಪಡುವ ಮರವಿಲ್ಲದ ಹಿಮಭೂಮಿಯಲ್ಲಿ ಮೊಟ್ಟೆಯಿಟ್ಟು ಮರಿಮಾಡಿ, ಅಲ್ಲಿ ಚಳಿಯೇರಿದಾಗ ನಮ್ಮ ಪಡುಗಡಲ ತೀರಕ್ಕೆ ಬಂದು, ಬೇಸಗೆ ಮೊದಲಾಗುವಾಗ ಹಿಂದಿರುಗುವುವು. ಹೀಗೆ ಹಿಮದೇಶಕ್ಕೂ ತುಳುನಾಡಿಗೂ ನಡುವೆ ಹಕ್ಕಿಗಳ ದಾರಿಯೊಂದು ಅನಾದಿಯಿಂದ ಇದ್ದೇ ಇದೆ. ಇನ್ನೊಂದು ದಾರಿಯೂ ಉಂಟೆಂಬುದು ಈಚಿನ ಎಪ್ಪತ್ತು ವರ್ಷಗಳೊಳಗೆ ತಿಳಿದುಬಂದಿದೆ. ಅದು ವಿಷದ ದಾರಿ. ಬಿಸಿಲ ನಾಡಿನಲ್ಲಿ ಚೆಲ್ಲಿದ ವಿಷವು ಹಿಮದ ನಾಡಿನ ಮೃಗಪಕ್ಷಿಗಳ ಮೇದಸ್ಸಿನಲ್ಲಿ ಕಾಣಿಸಿಕೊಳ್ಳುವುದು.

ಇದು ರಸಾಯನಜ್ಞರ ವಿಷಯವಲ್ಲವೆ, ಸಾಹಿತ್ಯಶಾಸ್ತ್ರಗಳನ್ನು ಓದಿದವರಿಗೆ ಇದರಲ್ಲೇನು ಅಧಿಕಾರ ಎಂದು ವಾಚಕ ಮಹಾಶಯರು ಕೇಳಬಹುದು. ವಿಷದ ಸ್ವರೂಪವನ್ನು ನಿರ್ಣಯಿಸುವುದು ರಸಾಯನಜ್ಞರ ಕೆಲಸವೆಂಬುದು ನಿಜ. ಆದರೆ ವಿಷಕ್ಕೆ ಸಾಕ್ಷಿ ಯಾರು, ಯಾರ ಸಾಕ್ಷ್ಯವನ್ನು ಯಾವಾಗ ಪ್ರಮಾಣವೆಂದು ಒಪ್ಪಲಾಯಿತು ಎಂಬುದು ಚರಿತ್ರೆಯ ಪ್ರಶ್ನೆ. ಅದನ್ನೇ ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

೨. ಶಾಸ್ತ್ರದ ಮಾತು

ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ದೂಷೀವಿಷವೆಂಬುದೊಂದನ್ನು ಹೇಳಿದೆ. ಹಳೆಯದಾಗಿ ವೀರ್ಯಗುಂದಿದ, ಇಲ್ಲವೆ ಔಷಧದಿಂದಲೂ ಬೆಂಕಿ ಗಾಳಿ ಬಿಸಿಲುಗಳಿಂದಲೂ ಅರೆಬರೆ ಕ್ಷೀಣಿಸಿದ ವಿಷವು ಕೂಡಲೆ ಕೊಲ್ಲದು. ಕಫದಿಂದ ಆವೃತವಾಗಿ ಅನೇಕ ವರ್ಷಗಳವರೆಗೆ ಶರೀರದಲ್ಲಿ ಅಡಗಿದ್ದು, ದೇಶ ಕಾಲ ಆಹಾರಗಳು ಕೆಟ್ಟಾಗ ಕೆರಳಿ ಧಾತುಗಳನ್ನು ದೂಷಿಸುವುದು. ಆದುದರಿಂದಲೇ ಅದಕ್ಕೆ ಆ ಹೆಸರು. ಶೀತಮಾರುತವು ಬೀಸುವಾಗಲೂ ಮೋಡ ಕವಿದ ದಿನಗಳಲ್ಲಿಯೂ ಅದು ಬೇಗನೆ ಪ್ರಕೋಪಗೊಳ್ಳುವುದೆಂದೂ, ಅದರಿಂದ ಶುಕ್ರಕ್ಷಯವೂ ಉಂಟಾಗಬಹುದೆಂದೂ ಅಲ್ಲಿಯೇ ಹೇಳಿದೆ.

ಅದೇ ಕಲ್ಪಸ್ಥಾನದಲ್ಲಿ ಇನ್ನೆರಡು ಸಂಗತಿಗಳು ಗಮನಾರ್ಹವಾಗಿವೆ. ನೀರು ವಿಷದಿಂದ ಕೆಟ್ಟುದನ್ನು ಅರಿಯುವುದಕ್ಕೆ, ಕಪ್ಪೆ ಮೀನುಗಳು ಸಾಯುವುದನ್ನೂ ತೀರದ ಹಕ್ಕಿಗಳೂ ಪ್ರಾಣಿಗಳೂ ಮದವೇರಿದಂತೆ ಅಲೆಯುವುದನ್ನೂ ಲಕ್ಷಣವಾಗಿ ಕೊಟ್ಟಿದೆ. ಅರಸನ ಅಡುಗೆಯನ್ನು ಪರೀಕ್ಷಿಸುವುದಕ್ಕೆ ಅರಮನೆಯಲ್ಲಿ ಚಕೋರ ಕೋಗಿಲೆ ಕ್ರೌಂಚಾದಿಗಳನ್ನು ಸಾಕಬೇಕೆಂದೂ, ವಿಷದ ಸನ್ನಿಧಿಯಲ್ಲಿ ಚಕೋರದ ಕಣ್ಣು ಬಣ್ಣಗೆಡುವುದು, ಕೋಗಿಲೆಯ ದನಿ ಕೆಡುವುದು ಎಂದೂ ವಿಧಿಸಿದೆ. ಕನ್ನಡದಲ್ಲಿಯೂ ಈ ಶಾಸ್ತ್ರಕ್ಕೆ ಕೊರತೆಯಿಲ್ಲ. ಕಾರ್ಕಳದ ಗೊಮ್ಮಟಮೂರ್ತಿಯು ೧೪೩೨ರಲ್ಲಿ ನಿಲ್ಲುವುದಕ್ಕೆ ಮುನ್ನವೇ, ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜನು ಸ್ಥಾವರಜಂಗಮ ವಿಷಗಳ ಚಿಕಿತ್ಸೆಯನ್ನು ಕುರಿತು ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನು ರಚಿಸಿದನು.

ಹೀಗೆಂದಮಾತ್ರಕ್ಕೆ ಇಂದಿನ ರಾಸಾಯನಿಕಗಳೆಲ್ಲವೂ ನಮ್ಮ ಪ್ರಾಚೀನರಿಗೆ ತಿಳಿದಿದ್ದವು ಎಂದು ಸಾರುವುದು ಪಾಂಡಿತ್ಯವಲ್ಲ, ಭ್ರಾಂತಿ. ಅವರ ಕಫವೂ ಇಂದಿನವರ ಮೇದಸ್ಸೂ ಒಂದೇ ಎಂದು ನಾವು ಹೇಳುವುದಿಲ್ಲ. ಎರಡು ಅಂಶಗಳನ್ನು ಮಾತ್ರ ಅವರಿಂದ ಗ್ರಹಿಸಬಹುದು: ಕೊಲ್ಲದೆ ಅಡಗಿರುವ ವಿಷವೂ ವಿಷವೇ, ಮನುಷ್ಯನಿಗಿಂತ ಮೊದಲು ಅದನ್ನು ನುಡಿಯುವುದು ಪ್ರಾಣಿ.

೩. ಹಿಮದೇಶದ ವೃತ್ತಾಂತ

ಡಿಡಿಟಿಯ ಕೀಟನಾಶಕಶಕ್ತಿಯನ್ನು ೧೯೩೯ರಲ್ಲಿ ಕಂಡುಹಿಡಿದ ಪಾಲ್ ಮ್ಯೂಲರನಿಗೆ ೧೯೪೮ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ೧೯೬೨ರಲ್ಲಿ ರೇಚಲ್ ಕಾರ್ಸನ್ ಎಂಬ ವಿದುಷಿಯು ‘ಸೈಲೆಂಟ್ ಸ್ಪ್ರಿಂಗ್’ ಎಂಬ ಗ್ರಂಥದಲ್ಲಿ ಇಂತಹ ವಿಷಗಳಿಂದ ಹಕ್ಕಿಗಳು ನಾಶವಾಗುತ್ತಿರುವುದನ್ನು ನಿರೂಪಿಸಿದಳು. ೧೯೬೬ರಲ್ಲಿ, ಯಾರೂ ಬೇಸಾಯ ಮಾಡದ ದಕ್ಷಿಣಧ್ರುವಖಂಡದ ಪೆಂಗ್ವಿನ್ ಪಕ್ಷಿಗಳಲ್ಲಿಯೂ ಒಂದು ನೀರ್ನಾಯಿಯಂತಹ ಸೀಲ್ ಮೃಗದಲ್ಲಿಯೂ ಡಿಡಿಟಿಯ ಶೇಷವು ದೊರೆತ ವರದಿಯು ಪ್ರಕಟವಾಯಿತು. ಮರುವರ್ಷವೇ ಡೆರೆಕ್ ರ‍್ಯಾಟ್ಕ್ಲಿಫನು ಬ್ರಿಟನ್ನಿನ ಪೆರೆಗ್ರಿನ್ ಡೇಗೆಗಳ ಮೊಟ್ಟೆಯ ಚಿಪ್ಪು ತೆಳುವಾಗುತ್ತಿರುವುದನ್ನು ತೋರಿಸಿಕೊಟ್ಟನು. ಅದೇ ಜಾತಿಯ ಹಿಮದೇಶದ ಡೇಗೆಗಳು ಚಳಿಗಾಲದಲ್ಲಿ ನಮ್ಮ ದೇಶಕ್ಕೂ ಬರುತ್ತವೆ.

ಹಿಮದೇಶದಲ್ಲಿಯೇ ಇದು ಕೂಡಿಕೊಳ್ಳುವುದಕ್ಕೆ ಕಾರಣವಿದೆ. ಈ ವಿಷಗಳು ಉಷ್ಣದೇಶದಲ್ಲಿ ಆವಿಯಾಗಿ ಗಾಳಿಯಲ್ಲಿ ಸಾಗಿ, ತಂಪಿನಲ್ಲಿ ಇಳಿದು, ಮತ್ತೆ ಬಿಸಿಯಾದಾಗ ಎದ್ದು, ಮಿಡತೆಯಂತೆ ಕುಪ್ಪಳಿಸುತ್ತ ಧ್ರುವದ ಕಡೆಗೆ ಹೋಗುವುವು. ಅಲ್ಲಿಯ ಚಳಿಯಲ್ಲಿ ಅವು ಬೇಗ ಶಿಥಿಲವಾಗುವುದಿಲ್ಲ. ನೀರಿಗಿಂತ ಕೊಬ್ಬಿನಲ್ಲಿ ಬೆರೆಯುವುದು ಅವುಗಳ ಸ್ವಭಾವ. ಹಿಮದೇಶದ ಪ್ರಾಣಿಗಳಾದರೋ ಕೊಬ್ಬಿನಿಂದಲೇ ಬದುಕುವುವು. ಪಾಚಿಯನ್ನು ಸಣ್ಣ ಹುಳವೂ, ಹುಳವನ್ನು ಮೀನೂ, ಮೀನನ್ನು ಸೀಲೂ, ಸೀಲನ್ನು ಬಿಳಿಯ ಕರಡಿಯೂ ತಿನ್ನುವಲ್ಲಿ ಮೆಟ್ಟಿಲು ಮೆಟ್ಟಿಲಿಗೂ ವಿಷವು ಹೆಚ್ಚುತ್ತ ಹೋಗುವುದು. ಆಹಾರವಿಲ್ಲದ ಋತುವಿನಲ್ಲಿ ಕರಡಿಯು ತನ್ನ ಕೊಬ್ಬನ್ನು ಕರಗಿಸಿಕೊಂಡು ಬದುಕುವಾಗ ಅಡಗಿದ್ದ ವಿಷವು ರಕ್ತಕ್ಕೆ ಇಳಿಯುವುದು. ಹಾಲಿನ ಮೂಲಕ ಮರಿಗೆ ಹೋಗುವುದು. ಸ್ವಾಲ್ಬಾರ್ಡ್ ದ್ವೀಪಗಳ ಕರಡಿಗಳಲ್ಲಿ ಪಿಸಿಬಿ ಎಂಬ ವಿಷವು ಹೆಚ್ಚಿದಂತೆ ಥೈರಾಯಿಡ್ ಗ್ರಂಥಿಯ ರಸಗಳಲ್ಲಿ ವ್ಯತ್ಯಾಸ ಕಂಡುಬಂದಿದೆ. ೧೯೮೦ರ ದಶಕದ ಕೊನೆಯಲ್ಲಿ ಕೆನಡಾದ ಉತ್ತರ ಕ್ವಿಬೆಕ್ಕಿನ ಇನ್ಯೂಟ್ ತಾಯಂದಿರ ಮೊಲೆಹಾಲನ್ನು ಪರೀಕ್ಷಿಸಿದಾಗ, ದಕ್ಷಿಣದ ಪಟ್ಟಣಗಳ ತಾಯಂದಿರಿಗಿಂತ ಸುಮಾರು ಐದು ಪಟ್ಟು ಪಿಸಿಬಿಯು ಅದರಲ್ಲಿತ್ತು. ಮೀನು ಸೀಲುಗಳನ್ನು ತಿಂದು ಬದುಕುವ ಆ ಜನರು ಆ ವಿಷವನ್ನು ತಯಾರಿಸಿದವರಲ್ಲ.

೪. ತುಳುನಾಡಿನ ವೃತ್ತಾಂತ

ಈಗ ನಮ್ಮ ನಾಡಿಗೆ ಬರೋಣ. ಪೋರ್ತುಗೀಸರು ತಂದ ಗೋಡಂಬಿಯ ಮರಕ್ಕೆ ನಮ್ಮವರು ಗೇರು ಎನ್ನುತ್ತಾರೆ. ಅದು ಮೊದಲು ಭಲ್ಲಾತಕಕ್ಕೆ ಇದ್ದ ಹೆಸರು; ಭಲ್ಲಾತಕದ ಎಣ್ಣೆಯಾದರೋ ಮೈಗೆ ಸೋಂಕಿದರೆ ಬೊಕ್ಕೆಯೇಳಿಸುವಂಥದು. ಹೊಸ ಗೇರಿಗೆ ಬೇರೊಂದು ವಿಷವು ಕಾದಿತ್ತು. ಕಾಸರಗೋಡಿನ ಗುಡ್ಡಗಳಲ್ಲಿ ಸರಕಾರದ ತೋಟನಿಗಮವು ೪,೫೦೦ ಹೆಕ್ಟೇರಿಗೂ ಮಿಕ್ಕ ನೆಲದಲ್ಲಿ ಗೇರನ್ನು ಬೆಳೆಸಿ, ಚಿಗುರು ಹೂಗಳನ್ನು ಕೆಡಿಸುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಎರಚಿತು. ಕನ್ನಡ ತುಳು ಮಲೆಯಾಳಗಳು ಬೆರೆತು ನಡೆಯುವ ಎಣ್ಮಕಜೆ, ಪಡ್ರೆ ಮೊದಲಾದ ಊರುಗಳು ಆ ಗುಡ್ಡಗಳ ತಪ್ಪಲಿನಲ್ಲಿವೆ. ಗುಡ್ಡದೊಳಗೆ ಕೊರೆದ ಸುರಂಗದ ನೀರೂ ತೋಡಿನ ನೀರೂ ಅವುಗಳ ಜೀವನಾಧಾರ. ದಕ್ಷಿಣಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಪುಗಳಲ್ಲಿಯೂ ಇದೇ ವಿಷದ ಸಿಂಪಡಣೆಯು ನಡೆಯಿತು.

೧೯೭೯ರಲ್ಲಿಯೇ ಪಡ್ರೆಯ ಕೃಷಿಕರೂ ಪತ್ರಿಕೋದ್ಯಮಿಗಳೂ ಆದ ಶ್ರೀ ಪಡ್ರೆಯವರು ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳನ್ನು ಕುರಿತು ಬರೆದರು. ತೋಡಿನಲ್ಲಿ ಮೀನು ಸತ್ತು ತೇಲಿದುದನ್ನೂ, ಜೇನ್ನೊಣಗಳೂ ಕಪ್ಪೆಗಳೂ ಇಲ್ಲವಾದುದನ್ನೂ ಊರವರು ಹೇಳುತ್ತಿದ್ದರು. ಅನಂತರ ಮಕ್ಕಳ ಸರದಿ ಬಂದಿತು. ವಾಣಿನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು ಒಂದೇ ಸಣ್ಣ ಪ್ರದೇಶದಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅರ್ಬುದಗಳು ಮಿತಿಮೀರಿರುವುದನ್ನು ಕಂಡು ೧೯೯೦ರ ದಶಕದಲ್ಲಿ ಅದನ್ನು ವೈದ್ಯಲೋಕಕ್ಕೆ ತಿಳಿಸಿದರು. ೧೯೯೮ರಲ್ಲಿ ಲೀಲಾಕುಮಾರಿಯಮ್ಮ ಎಂಬವರು ಹೊಸದುರ್ಗದ ನ್ಯಾಯಾಲಯಕ್ಕೆ ಹೋಗಿ ಸಿಂಪಡಣೆಗೆ ತಡೆಯಾಜ್ಞೆಯನ್ನು ಪಡೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯಸಂಸ್ಥೆಯು ಪಡ್ರೆಯ ೧೧೭ ಬಾಲಕರನ್ನು ಬೇರೊಂದು ಊರಿನ ೯೦ ಬಾಲಕರೊಡನೆ ಹೋಲಿಸಿ, ವಿಷಕ್ಕೆ ಸಿಕ್ಕ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆಯೆಂದು ೨೦೦೩ರಲ್ಲಿ ಪ್ರಕಟಿಸಿತು. ಇದನ್ನು ಒಪ್ಪದ ಸಮಿತಿಗಳೂ ಇದ್ದವು. ವಾದವು ಬಹುಕಾಲ ನಡೆಯಿತು.

೫. ಪ್ರಮಾಣವಿಚಾರ

ಎರಡು ವೃತ್ತಾಂತಗಳೂ ಕೂಡುವುದು ಜಿನೀವಾ ನಗರದಲ್ಲಿ. ೨೦೦೧ರಲ್ಲಿ ಅಂಗೀಕೃತವಾಗಿ ೨೦೦೪ರಲ್ಲಿ ಜಾರಿಗೆ ಬಂದ ಸ್ಟಾಕ್‌ಹೋಮ್ ಒಡಂಬಡಿಕೆಯಂತೆ, ಒಂದು ವಿಷವನ್ನು ಲೋಕದಿಂದಲೇ ತೊಲಗಿಸಬೇಕಾದರೆ ಅದು ಪ್ರಾಣಿಗಳಿಗೆ ಕೇಡುಮಾಡುವುದೆಂದು ತೋರಿಸಿದರೆ ಸಾಲದು. ಬೇಗ ಅಳಿಯದುದೆಂದೂ, ಶರೀರದಲ್ಲಿ ಕೂಡಿಕೊಳ್ಳುವುದೆಂದೂ, ಬಹುದೂರ ಸಾಗುವುದೆಂದೂ ಸಾಧಿಸಬೇಕು. ೨೦೦೭ರಲ್ಲಿ ಯೂರೋಪಿನ ಒಕ್ಕೂಟವು ಎಂಡೋಸಲ್ಫಾನಿನ ಹೆಸರನ್ನು ಸೂಚಿಸಿತು. ಉತ್ತರಧ್ರುವಪ್ರದೇಶದ ಗಾಳಿ ಹಿಮ ಕಡಲನೀರುಗಳಲ್ಲಿಯೂ ಜೀವಿಗಳಲ್ಲಿಯೂ ದೊರೆತ ಅದರ ಶೇಷವೇ ದೂರಸಂಚಾರಕ್ಕೆ ಮುಖ್ಯ ಸಾಕ್ಷಿಯಾಯಿತು. ಮೊದಲು ವಿರೋಧಿಸಿದ್ದ ಭಾರತವು ಕೆಲವು ವಿನಾಯಿತಿಗಳೊಡನೆ ಒಪ್ಪಿ, ೨೦೧೧ರ ಏಪ್ರಿಲಿನಲ್ಲಿ ನಿರ್ಣಯವಾಯಿತು. ಅದೇ ವರ್ಷ ಮೇ ೧೩ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಅದರ ತಯಾರಿಕೆ ಮಾರಾಟ ಬಳಕೆಗಳನ್ನು ತಡೆಯಿತು; ೨೦೧೭ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ೫ ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು.

ಪಡ್ರೆಯ ಕರು ನುಡಿದುದು ೧೯೭೯ರಲ್ಲಿ. ಲೋಕವು ಕೇಳಿದುದು ೨೦೧೧ರಲ್ಲಿ. ನಡುವೆ ಮೂವತ್ತೆರಡು ವರ್ಷಗಳು. ಪಡ್ರೆಯಲ್ಲಿ ಎರಚಿದ ಹನಿಯೇ ಧ್ರುವಕ್ಕೆ ಹೋಯಿತೆಂದು ಸಾಧಿಸಲಾಗದು. ಆ ಜಾತಿಯ ವಿಷವು ಹೋಗುವುದೆಂಬುದು ಮಾತ್ರ ಸಿದ್ಧ. ಆದರೂ ದೂರದ ಹಿಮದ ಮೃಗವು ಸಾಕ್ಷಿ ಹೇಳಿದಾಗ ಒಪ್ಪಿದವರು, ಕೊಟ್ಟಿಗೆಯ ಕರುವಿನ ಸಾಕ್ಷ್ಯವನ್ನು ಏಕೆ ತಳ್ಳಿದರು? ಹಿಮದೇಶದಲ್ಲಿ ತೋಟವಿಲ್ಲ, ಅಲ್ಲಿ ವಿಷವು ಕಂಡರೆ ಬೇರೆ ಕಾರಣ ಹೇಳಲು ಆಸ್ಪದವಿಲ್ಲ. ನೈಯಾಯಿಕರ ಮಾತಿನಲ್ಲಿ ಅದು ಅನ್ಯಥಾಸಿದ್ಧಿಯಿಲ್ಲದ ಹೇತು. ಪಡ್ರೆಯಲ್ಲಾದರೋ ಬಡತನ, ರೋಗ, ಒಳಸಂಬಂಧದ ಮದುವೆ ಎಂದು ನೂರು ಕಾರಣಗಳನ್ನು ಒಡ್ಡಬಹುದಾಗಿತ್ತು. ತರ್ಕದೃಷ್ಟಿಯಿಂದ ಇದು ಸರಿಯೆಂದೇ ಇಟ್ಟುಕೊಳ್ಳೋಣ. ಆದರೆ ಚಕೋರದ ಕಣ್ಣು ಬಣ್ಣಗೆಟ್ಟಾಗ ಅರಮನೆಯ ವೈದ್ಯನು ಹಕ್ಕಿಗೆ ಬೇರೆ ನೇತ್ರರೋಗವಿರಬಹುದೆಂದು ವಾದಿಸುತ್ತ ಕುಳಿತಿರಲಿಲ್ಲ. ಮೊದಲು ತಟ್ಟೆಯನ್ನು ತೆಗೆಯಿಸಿದನು, ಆಮೇಲೆ ಪರೀಕ್ಷಿಸಿದನು. ಅಪರಾಧನಿರ್ಣಯಕ್ಕೆ ಬೇಕಾದ ಪ್ರಮಾಣವೇ ಬೇರೆ, ಊಟ ನಿಲ್ಲಿಸುವುದಕ್ಕೆ ಬೇಕಾದ ಪ್ರಮಾಣವೇ ಬೇರೆ. ಈ ಭೇದವನ್ನು ಮರೆತುದೇ ಆ ಮೂವತ್ತೆರಡು ವರ್ಷಗಳ ಅನರ್ಥಕ್ಕೆ ಮೂಲವೆಂದು ನಮ್ಮ ಅಭಿಪ್ರಾಯ.

ಉಡುಪಿಯ ಸಂಸ್ಕೃತ ಪಾಠಶಾಲೆಗೂ ಮಣಿಪಾಲದ ವೈದ್ಯವಿದ್ಯಾಲಯಕ್ಕೂ ನಡುವೆ ಒಂದು ಹರದಾರಿಯ ದಾರಿ. ಇಲ್ಲಿ ಕಲ್ಪಸ್ಥಾನವನ್ನು ಓದುವವರೂ ಅಲ್ಲಿ ರಕ್ತವನ್ನು ಪರೀಕ್ಷಿಸುವವರೂ ಆ ದಾರಿಯನ್ನು ನಡೆದು ಒಬ್ಬರನ್ನೊಬ್ಬರು ಕಂಡರೆ ಶಾಸ್ತ್ರಕ್ಕೂ ಲೋಕಕ್ಕೂ ಹಿತವಾದೀತು. ಕಾರ್ಕಳದ ಗುಡ್ಡಗಳಲ್ಲಿ ಗೇರು ಇನ್ನೂ ಹೂಬಿಡುತ್ತದೆ. ಕಾಪುವಿಗೆ ಬಡಗಣ ಹಕ್ಕಿಗಳು ಇನ್ನೂ ಬರುತ್ತವೆ. ಅವು ನಮ್ಮ ಚಕೋರಗಳು. ಅವುಗಳಲ್ಲಿ ಏನಾದರೂ ವಿಕಾರ ಕಂಡರೆ ಕಂಡವರು ಕೂಡಲೆ ಬರೆದಿಡಲಿ, ವಿದ್ವಾಂಸರು ಅದನ್ನು ತಳ್ಳದೆ ವಿಚಾರಿಸಲಿ ಎಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.